ಅಪ್ಪ ಕುಡಿತ ಬಿಟ್ಟು ಮನೆಗೆ ಬಂದಿದ್ದಾರೆ. ಮಾತು ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ: ನಮ್ಮ ತಂದೆಗೆ 56 ವರ್ಷ. ಹದಿನೈದು ವರ್ಷದಿಂದ ಕುಡಿಯುತ್ತಿದ್ದರು, ಕೊನೆಯ ನಾಲ್ಕೈದು ವರ್ಷ ದಿನವೂ. ಚಿಕಿತ್ಸಾ ಕೇಂದ್ರದಲ್ಲಿ ಆರು ವಾರ ಇದ್ದು ಮನೆಗೆ ಬಂದು ಒಂದು ತಿಂಗಳಾಯಿತು. ಇದುವರೆಗೆ ಮುಟ್ಟಿಲ್ಲ. ಆದರೆ ಮನೆಯಲ್ಲಿ ಯಾರೂ ಆ ವಿಷಯ ಎತ್ತುವುದಿಲ್ಲ. ‘ಕೆದಕಬೇಡ, ಬೇಜಾರಾಗಿ ಮತ್ತೆ ಶುರು ಮಾಡಿದರೆ ಏನು ಗತಿ’ ಎನ್ನುತ್ತಾರೆ ಅಮ್ಮ. ಹನ್ನೆರಡು ವರ್ಷದ ತಮ್ಮ ಅಪ್ಪ ಇರುವ ಕೋಣೆಗೇ ಕಾಲಿಡುವುದಿಲ್ಲ. ನಾನು ಮಗಳು, ನನಗೆ 24. ಹೇಳಬೇಕಾದ್ದೆಲ್ಲ ಒಳಗೇ ಕುದಿಯುತ್ತಿದೆ. ಮಾತಾಡಬೇಕೋ ಬೇಡವೋ? ಮತ್ತೆ ಕುಡಿದು ಬಂದರೆ ಏನು ಹೇಳಬೇಕು? ಇನ್ನೊಂದು ವಿಷಯ. ಕುಡಿದರೆ ವಾಂತಿ ಬರಿಸುವ ಮಾತ್ರೆಯನ್ನು ಅಪ್ಪನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿಬಿಡೋಣ ಎಂದು ದೊಡ್ಡಪ್ಪ ಹೇಳುತ್ತಿದ್ದಾರೆ. ಸರಿಯೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಅದು ನಾಳೆಗೆ ಕಾಯುವಂಥದ್ದಲ್ಲ. ಬೆರೆಸಬೇಡಿ. ಈಗಾಗಲೇ ಬೆರೆಸಿದ್ದರೆ ಇವತ್ತೇ ನಿಲ್ಲಿಸಿ, ವೈದ್ಯರಿಗೆ ತಿಳಿಸಿ, ಅಪ್ಪನಿಗೂ ಹೇಳಿ.

ದೊಡ್ಡಪ್ಪ ಹೇಳುತ್ತಿರುವುದು ಡೈಸಲ್ಫಿರಾಮ್ ಇರಬೇಕು. ಕುಡಿದ ಮದ್ಯ ಪಿತ್ತಜನಕಾಂಗದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಇನ್ನೊಂದು ಕಿಣ್ವ ಅದನ್ನು ನಿರಪಾಯಕಾರಿ ಅಸಿಟೇಟ್ ಮಾಡುತ್ತದೆ. ಈ ಎರಡನೆಯ ಕಿಣ್ವವನ್ನು ಡೈಸಲ್ಫಿರಾಮ್ ತಡೆಹಿಡಿಯುವುದರಿಂದ ವಿಷ ರಕ್ತದಲ್ಲೇ ಉಳಿಯುತ್ತದೆ. ಆಗ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇರುವವರಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು. ಕೊನೆಯ ಮಾತ್ರೆ ತೆಗೆದುಕೊಂಡು ಎರಡು ವಾರ ಕಳೆದರೂ ಈ ಪರಿಣಾಮ ಉಳಿದಿರಬಹುದು. ಸೇವಿಸುವವರು ಕೆಲವು ಕೆಮ್ಮಿನ ಸಿರಪ್, ಬಾಯಿ ಮುಕ್ಕಳಿಸುವ ದ್ರಾವಣಗಳಂಥ, ಮದ್ಯಸಾರ ಬೆರೆತ ವಸ್ತುಗಳಿಂದಲೂ ದೂರ ಇರಬೇಕು. ತಾನು ಮಾತ್ರೆಯ ಮೇಲಿದ್ದೇನೆ ಎಂದೇ ಗೊತ್ತಿಲ್ಲದವರು ಇದರಿಂದ ಹೇಗೆ ದೂರ ಇರುತ್ತಾರೆ? ಮಾತ್ರೆಯೇ ಕೆಲವರ ಪಿತ್ತಜನಕಾಂಗಕ್ಕೆ ಪೆಟ್ಟು ಕೊಡುತ್ತದೆ, ಆದ್ದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಕದ್ದು ಕೊಡುವವರು ಅದನ್ನು ಮಾಡಿಸುವುದಿಲ್ಲ.

ಇದೇ ಮಾತ್ರೆ ಅಪ್ಪನಿಗೆ ಗೊತ್ತಿದ್ದು, ಒಪ್ಪಿ, ದಿನವೂ ಒಂದೇ ಹೊತ್ತಿಗೆ ಮನೆಯ ಒಬ್ಬರ ಎದುರು ತಾವೇ ನುಂಗಿದರೆ ಒಳ್ಳೆಯ ಕೆಲಸ ಮಾಡುತ್ತದೆ. ಅವರು ಮಾತ್ರೆ ನುಂಗುತ್ತಾರೆ, ನೋಡಿದವರು ‘ಥ್ಯಾಂಕ್ಸ್ ಅಪ್ಪ’ ಅನ್ನುತ್ತಾರೆ, ಅಲ್ಲಿಗೆ ಆ ದಿನದ ಕುಡಿತದ ಮಾತು ಮುಗಿಯಿತು ಎಂದು ಒಪ್ಪಂದ ಮಾಡಿಕೊಳ್ಳಬೇಕು. ಆಮೇಲೆ ಯಾರೂ ಬಾಯಿ ಮೂಸಬಾರದು, ಜೇಬು ತಡಕಬಾರದು. ಬೇರೆ ಔಷಧಗಳೂ ಇವೆ. ನಾಲ್ಟ್ರೆಕ್ಸೋನ್ ಕುಡಿತ ಕೊಡುವ ಹಿತವನ್ನೇ ಮಂಕು ಮಾಡುತ್ತದೆ. ಅದನ್ನು ತೆಗೆದುಕೊಳ್ಳುವವರಿಗೆ ಅಫೀಮು ಜಾತಿಯ ನೋವುನಿವಾರಕಗಳು ಕೆಲಸ ಮಾಡುವುದಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆಯ ಮೊದಲು ವೈದ್ಯರಿಗೆ ಹೇಳಲೇಬೇಕು. ಅಕ್ಯಾಂಪ್ರೊಸೇಟ್ ಅನ್ನು ದಿನಕ್ಕೆ ಮೂರು ಹೊತ್ತು ತೆಗೆದುಕೊಳ್ಳಬೇಕು, ಮೂತ್ರಪಿಂಡ ಸರಿಯಿರಬೇಕು. ಯಾವುದು ಸೂಕ್ತ ಎಂದು ಅಪ್ಪ, ವೈದ್ಯರು ಕೂತು ತೀರ್ಮಾನಿಸಲಿ.

ಈಗ ಮಾತಿನ ವಿಷಯ. ಮಾತಾಡಿ. ಅಮ್ಮನ ಭಯ ಪೂರ್ತಿ ಸುಳ್ಳಲ್ಲ. ಕೂಗಾಟದ ಜಗಳವೊಂದು ಆ ದಿನದ ಕುಡಿತಕ್ಕೆ ನೆಪವಾಗುವುದುಂಟು. ಆದರೆ ಹದವಾಗಿ ಹೇಳಿದ ನಿಜ ಯಾರನ್ನೂ ಬಾಟಲಿಯ ಕಡೆ ತಳ್ಳುವುದಿಲ್ಲ. ತಳ್ಳುವುದು ನಿದ್ದೆಗೇಡಿತನ, ಹಳೆಯ ಗೆಳೆಯರು, ಕುಡಿಯುತ್ತಿದ್ದ ಹೊತ್ತು, ಕೈಯಲ್ಲಿ ದುಡ್ಡು, ಒಳಗಿನ ನಾಚಿಕೆ. ಮೌನ ಇವುಗಳಲ್ಲಿ ಒಂದನ್ನೂ ಕಡಿಮೆ ಮಾಡುವುದಿಲ್ಲ, ನಾಚಿಕೆಯನ್ನಂತೂ ಹೆಚ್ಚಿಸುತ್ತದೆ. ಅದೂ ಅಲ್ಲದೆ ನಿಮ್ಮ ಮನೆಯಲ್ಲಿರುವುದು ನಿಜಕ್ಕೂ ಮೌನವೇ? ಅವರು ಹೊರಗಿಂದ ಬಂದಾಗ ಎಲ್ಲರೂ ಒಮ್ಮೆ ಉಸಿರು ಬಿಗಿಹಿಡಿದು ಮೂಗು ಚುರುಕು ಮಾಡುತ್ತೀರಿ, ನಡಿಗೆ ನೋಡುತ್ತೀರಿ, ಚೀಲದ ಸದ್ದು ಕೇಳುತ್ತೀರಿ. ಅಪ್ಪನಿಗೆ ಅದೆಲ್ಲ ಗೊತ್ತಾಗುತ್ತದೆ. ಬಾಯಿ ಮುಚ್ಚಿದ ಮನೆಯಲ್ಲಿ ಮೂಗು ಮಾತಾಡುತ್ತಿರುತ್ತದೆ, ಅಷ್ಟೇ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು: ಎಲ್ಲರನ್ನೂ ಕೂರಿಸಿಕೊಂಡು ಹದಿನೈದು ವರ್ಷದ ಲೆಕ್ಕ ಒಂದೇ ರಾತ್ರಿ ಚುಕ್ತಾ ಮಾಡುವ ದೊಡ್ಡ ಮಾತುಕತೆಯ ಆಸೆ ಬಿಡಿ. ಇಲ್ಲಿ ಫಲ ಕೊಡುವುದು ಚಿಕ್ಕ ಮಾತು: ಹತ್ತು ಹದಿನೈದು ನಿಮಿಷ, ಒಂದೇ ವಿಷಯ, ಮತ್ತೆ ಮತ್ತೆ.

ಚಿಕ್ಕದು ಏಕೆ? ಅಪ್ಪ ಕುಡಿತ ಬಿಟ್ಟು ಈಗ ಹತ್ತು ವಾರ. ಕೈನಡುಕ, ಬೆವರು ಮೊದಲ ವಾರದಲ್ಲೇ ಹೋಗಿರುತ್ತವೆ, ಆದರೆ ಮಿದುಳು ಇನ್ನೂ ಹೊಂದಿಕೊಳ್ಳುತ್ತಿದೆ. ನಿದ್ದೆ ತಿಂಗಳುಗಟ್ಟಲೆ ಹರಿದು ಹರಿದು ಬರುತ್ತದೆ. ಸಣ್ಣದಕ್ಕೆ ಸಿಡುಕು, ಕಾರಣವಿಲ್ಲದ ಬೇಸರ, ಗಮನ ಕೊಟ್ಟು ಕೇಳಲು ಆಗದಿರುವುದು, ಹೇಳಿದ್ದು ಮರೆಯುವುದು ಎಲ್ಲ ಈ ಅವಧಿಯಲ್ಲಿ ಸಾಮಾನ್ಯ. ‘ಕುಡಿತ ಬಿಟ್ಟ ಮೇಲೆ ಇನ್ನೂ ಸಿಡಿಮಿಡಿ ಆಗಿದ್ದಾರೆ, ಕುಡಿಯುತ್ತಿದ್ದಾಗಲೇ ವಾಸಿ’ ಎಂದು ಎಷ್ಟೋ ಮನೆಗಳಲ್ಲಿ ಅನ್ನುವುದು ಇದಕ್ಕೇ. ಅದು ಸ್ವಭಾವವಲ್ಲ, ಗುಣವಾಗುವ ದಾರಿಯಲ್ಲಿ ಬರುವ ಒಂದು ಹಂತ. ಮತ್ತೆ ಕುಡಿಯುವ ಅಪಾಯವೂ ಮೊದಲ ಮೂರು ತಿಂಗಳಲ್ಲೇ ಹೆಚ್ಚು. ಇಂಥ ಹೊತ್ತಿನಲ್ಲಿ ಎರಡು ಗಂಟೆಯ ವಿಚಾರಣೆ ಕೂರಿಸಿದರೆ ಮೊದಲ ಇಪ್ಪತ್ತು ನಿಮಿಷದ ನಂತರ ಅವರಿಗೆ ಕೇಳಿಸುವುದು ದನಿ ಮಾತ್ರ.

ಇನ್ನೊಂದು ಸಂಗತಿ ನಿಮಗೆ ತಿಳಿದಿರಬೇಕು. ನಿಮ್ಮ ನೆನಪಿನಲ್ಲಿ ಕೊರೆದಂತೆ ಉಳಿದ ಕೆಲವು ರಾತ್ರಿಗಳು ಅಪ್ಪನ ನೆನಪಿನಲ್ಲಿ ಇಲ್ಲವೇ ಇಲ್ಲದಿರಬಹುದು. ರಕ್ತದಲ್ಲಿ ಮದ್ಯದ ಮಟ್ಟ ವೇಗವಾಗಿ ಏರಿದಾಗ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗ ಹೊಸ ನೆನಪುಗಳನ್ನು ದಾಖಲಿಸುವುದನ್ನೇ ನಿಲ್ಲಿಸುತ್ತದೆ. ಮನುಷ್ಯ ಓಡಾಡುತ್ತಾನೆ, ಬೈಯುತ್ತಾನೆ, ಉತ್ತರ ಕೊಡುತ್ತಾನೆ, ಆದರೆ ಬೆಳಿಗ್ಗೆ ಅದು ಖಾಲಿ ಹಾಳೆ. ಮರೆತದ್ದಲ್ಲ, ಬರೆದೇ ಇಲ್ಲ. ‘ನಾಟಕ ಆಡಬೇಡಿ, ನಿಮಗೆಲ್ಲ ನೆನಪಿದೆ’ ಎಂದು ಶುರುವಾದ ಮಾತು ಅಲ್ಲೇ ಸಾಯುತ್ತದೆ. ‘ನಿಮಗೆ ನೆನಪಿಲ್ಲದೆ ಇರಬಹುದು ಅಪ್ಪ, ನನಗೆ ನೆನಪಿದೆ, ಹೇಳ್ತೀನಿ ಕೇಳಿ’ ಅಂದರೆ ಮುಂದೆ ದಾರಿ ಇದೆ.

ಮಾತಾಡುವ ಮೊದಲು ಬರೆಯಿರಿ. ಕುದಿಯುತ್ತಿರುವುದನ್ನೆಲ್ಲ ಕಾಗದದ ಮೇಲೆ ಸುರಿದು ಮೂರು ಭಾಗ ಮಾಡಿ. ಒಂದು, ಈಗ ಈ ವಾರ ನಡೆಯಬೇಕಾದ್ದು: ವೈದ್ಯರ ಭೇಟಿ, ಔಷಧ, ಹಣ ಯಾರ ಕೈಯಲ್ಲಿ, ಗಾಡಿಯ ಕೀಲಿ. ಎರಡು, ಮತ್ತೆ ಕುಡಿದರೆ ಏನು ಎಂಬುದು. ಮೂರು, ಹಳೆಯ ನೋವು. ಇದೇ ಕ್ರಮದಲ್ಲಿ ಹೋಗಿ. ಬಹಳ ಜನ ಮೂರನೆಯದರಿಂದ ಶುರು ಮಾಡಿ ಮೊದಲನೆಯದನ್ನು ತಲುಪುವುದೇ ಇಲ್ಲ. ಹಳೆಯ ನೋವು ಮುಖ್ಯವಲ್ಲ ಎಂದಲ್ಲ, ಅದನ್ನು ಹೊರುವ ಬಲ ಅಪ್ಪನಿಗೆ ಇನ್ನೂ ಬಂದಿರುವುದಿಲ್ಲ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಗುಂಪಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳಲ್ಲಿ ನೋಯಿಸಿದವರ ಪಟ್ಟಿ ಮಾಡುವುದು ಎಂಟನೆಯದು, ಅವರ ಬಳಿ ಹೋಗಿ ಸರಿಪಡಿಸಿಕೊಳ್ಳುವುದು ಒಂಬತ್ತನೆಯದು. ಅದಕ್ಕೂ ಮೊದಲು ಏಳು ಹೆಜ್ಜೆ ಇವೆ. ನನ್ನ ಅಂದಾಜಿನಲ್ಲಿ ಇನ್ನೂ ಮೂರ್ನಾಲ್ಕು ತಿಂಗಳು ತಡೆದು, ಆಪ್ತಸಮಾಲೋಚಕರ ಎದುರು ಆ ಮೂರನೆಯ ಭಾಗ ಬಿಚ್ಚುವುದು ಮೇಲು. ಅಲ್ಲಿಯವರೆಗೆ ನಿಮ್ಮ ಕುದಿ ಇಳಿಸಿಕೊಳ್ಳಲು ಬೇರೆ ಕಿವಿ ಬೇಕು: ಗೆಳತಿ, ಸಮಾಲೋಚಕಿ, ಅಥವಾ ಕುಡಿಯುವವರ ಮನೆಯವರಿಗೆಂದೇ ಇರುವ ಅಲನಾನ್‌ನಂಥ ಗುಂಪು.

ಹೊತ್ತು ಆರಿಸಿಕೊಳ್ಳುವುದರಲ್ಲಿ ಅರ್ಧ ಕೆಲಸ ಇದೆ. ಅವರು ಹಿಂದೆ ಕುಡಿಯುತ್ತಿದ್ದ ಹೊತ್ತಿನಲ್ಲಿ ಬೇಡ, ಆಗ ದೇಹ ತಾನಾಗಿಯೇ ಆ ಗುಟುಕನ್ನು ನಿರೀಕ್ಷಿಸುತ್ತಿರುತ್ತದೆ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಒಂದು ಅವರಲ್ಲಾಗಲಿ ನಿಮ್ಮಲ್ಲಾಗಲಿ ಕಂಡರೆ ಮುಂದೂಡಿ. ಬೆಳಿಗ್ಗೆ ತಿಂಡಿಯಾದ ಮೇಲೆ ಒಳ್ಳೆಯದು. ಎದುರುಬದುರು ಕೂರುವುದಕ್ಕಿಂತ ಪಕ್ಕದಲ್ಲಿ ನಡೆಯುತ್ತಾ ಮಾತಾಡುವುದು ಇಬ್ಬರಿಗೂ ಸಲೀಸು, ಕಣ್ಣು ತಪ್ಪಿಸಬೇಕಾದ ಮುಜುಗರ ಇರುವುದಿಲ್ಲ. ಫೋನಿನ ಸಂದೇಶದಲ್ಲಂತೂ ಬೇಡ. ಮೊದಲು ಕೇಳಿ: ‘ಅಪ್ಪ, ಒಂದು ಹತ್ತು ನಿಮಿಷ ಮಾತಾಡಬೇಕಿತ್ತು, ಈಗ ಆಗುತ್ತಾ, ನಾಳೆ ಆಗುತ್ತಾ?’ ಎರಡರಲ್ಲಿ ಒಂದು ಆರಿಸುವ ಅವಕಾಶ ಸಿಕ್ಕವರು ತಪ್ಪಿಸಿಕೊಳ್ಳುವುದು ಕಡಿಮೆ. ಹತ್ತು ನಿಮಿಷ ಎಂದಿದ್ದರೆ ಹತ್ತೇ ನಿಮಿಷಕ್ಕೆ ನಿಲ್ಲಿಸಿ, ಚೆನ್ನಾಗಿ ಹೋಗುತ್ತಿದ್ದರೂ ನಿಲ್ಲಿಸಿ. ಮುಂದಿನ ಸಲ ಕರೆದಾಗ ಅವರು ಬರುವುದು ಈ ಭರವಸೆಯ ಮೇಲೆ.

ವಾಕ್ಯ ಕಟ್ಟುವಾಗ ಮೂರು ತುಂಡು ಸಾಕು. ನಾನು ಕಂಡದ್ದು, ನನಗೆ ಆದದ್ದು, ನನಗೆ ಬೇಕಾದದ್ದು. ‘ಮಂಗಳವಾರ ರಾತ್ರಿ ನೀವು ಬರೋದು ಒಂದು ಗಂಟೆ ತಡವಾಯ್ತು, ಫೋನ್ ಎತ್ತಲಿಲ್ಲ. ನನಗೆ ಹೆದರಿಕೆಯಾಗಿ ಕೂತಲ್ಲಿ ಕೂರೋಕೆ ಆಗಲಿಲ್ಲ. ಇನ್ನು ಮೇಲೆ ತಡವಾದರೆ ಒಂದು ಕರೆ ಮಾಡ್ತೀರಾ?’ ಇಷ್ಟೇ. ಇದರಲ್ಲಿ ‘ನೀವು ಕುಡಿದಿರಿ’ ಎಂಬ ಆರೋಪ ಇಲ್ಲ, ಏಕೆಂದರೆ ಅದು ನೀವು ಕಂಡದ್ದಲ್ಲ, ಊಹಿಸಿದ್ದು. ಊಹೆಯನ್ನು ಊಹೆಯಾಗಿಯೇ ಹೇಳಬಹುದು: ‘ಮತ್ತೆ ಶುರುವಾಯಿತೇನೋ ಅಂತ ಭಯವಾಯ್ತು.’ ಅದು ನಿಮ್ಮ ಭಯದ ಬಗೆಗಿನ ನಿಜ. ಅದನ್ನು ಯಾರೂ ಅಲ್ಲಗಳೆಯಲಾರರು.

ಕೆಲವು ಪದಗಳನ್ನು ನಾಲಿಗೆಯಿಂದ ಇಳಿಸಬೇಕು. ‘ಯಾವಾಗಲೂ’, ‘ಒಂದು ದಿನಾನೂ’, ‘ನಿಮ್ಮಿಂದ ಇಡೀ ಮನೆ’ ಅಂದ ತಕ್ಷಣ ಎದುರಿನವರು ವಿನಾಯಿತಿಯೊಂದನ್ನು ಹುಡುಕಿ ತೋರಿಸುತ್ತಾರೆ, ಮಾತು ಅದರ ಮೇಲೇ ಜಾರುತ್ತದೆ. ‘ಯಾಕೆ ಕುಡಿತಿದ್ರಿ?’ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ, ಬಲವಂತ ಮಾಡಿದರೆ ಸಿಗುವುದು ಕಾರಣವಲ್ಲ, ನೆಪ. ಬದಲಿಗೆ ‘ಯಾವ ಹೊತ್ತು ಕಷ್ಟ ಆಗುತ್ತೆ?’ ಎಂದು ಕೇಳಿ, ಇದಕ್ಕೆ ಉತ್ತರವಿದೆ. ಗುಂಪಿನ ಸಭೆಯಲ್ಲಿ ಅಪ್ಪ ತಮ್ಮನ್ನು ತಾವು ಮದ್ಯವ್ಯಸನಿ ಎಂದು ಕರೆದುಕೊಳ್ಳುವುದು ಬೇರೆ, ಮನೆಯವರು ‘ಕುಡುಕ’ ಅನ್ನುವುದು ಬೇರೆ. ‘ನಾಯಿ ಬಾಲ ಡೊಂಕು’ ಎಂದು ನೆಂಟರು ತಮಾಷೆಗೆ ಅನ್ನುವ ಗಾದೆಯನ್ನೂ ಈ ಮನೆಯಲ್ಲಿ ಕೆಲವು ವರ್ಷ ನಿಷೇಧಿಸಿ, ನಾನು ತಮಾಷೆಗೆ ಹೇಳುತ್ತಿಲ್ಲ. ಆಣೆ ಪ್ರಮಾಣ ಮಾಡಿಸಿಕೊಳ್ಳುವುದೂ ಅಷ್ಟೇ. ‘ನನ್ನ ತಲೆ ಮುಟ್ಟಿ ಹೇಳಿ’ ಎಂದು ಮಾತು ತೆಗೆದುಕೊಂಡರೆ, ಎಡವಿದ ದಿನ ಅವರು ಕುಡಿದದ್ದಷ್ಟೇ ಅಲ್ಲದೆ ಮಗಳ ಆಣೆ ಮುರಿದದ್ದನ್ನೂ ಮುಚ್ಚಿಡಬೇಕಾಗುತ್ತದೆ.

ಹೊಗಳಿಕೆಯಲ್ಲೂ ಒಂದು ಎಚ್ಚರಿಕೆ. ದಿನವೂ ‘ಇವತ್ತೂ ಕುಡಿದಿಲ್ಲ, ಶಭಾಷ್’ ಎಂದರೆ ಅದು ಹಾಜರಿ ಹಾಕಿದ ಹಾಗೆ ಕೇಳುತ್ತದೆ. ನಿರ್ದಿಷ್ಟವಾಗಿ ಕಂಡದ್ದನ್ನು ಹೇಳಿ: ‘ನಿನ್ನೆ ತಮ್ಮನ ಲೆಕ್ಕ ನೋಡಿಕೊಟ್ರಲ್ಲ, ಅವನು ಮಲಗೋ ಮುಂಚೆ ಅದನ್ನೇ ಹೇಳ್ತಿದ್ದ.’

ಅಪ್ಪನ ಕಡೆಯಿಂದ ಬರುವ ಮಾತುಗಳಲ್ಲಿ ಹೆಚ್ಚಿನವನ್ನು ಮೊದಲೇ ಊಹಿಸಬಹುದು, ಉತ್ತರ ಸಿದ್ಧವಿರಲಿ. ‘ಬಿಟ್ಟಿದ್ದೀನಲ್ಲ, ಇನ್ನೇನು ಬೇಕು ನಿಮಗೆ?’ ಅಂದರೆ: ‘ಬಿಟ್ಟಿದ್ದೀರಿ, ಅದು ಎಷ್ಟು ಕಷ್ಟ ಅಂತ ನನಗೆ ಪೂರ್ತಿ ಗೊತ್ತಿಲ್ಲ. ಅದಕ್ಕೇ ಕೇಳ್ತಿದ್ದೀನಿ.’ ‘ನಿಮ್ಮಮ್ಮನ ಕಾಟಕ್ಕೇ ಕುಡಿತಿದ್ದೆ’ ಅಂದರೆ ಅಮ್ಮನ ಪರ ವಕಾಲತ್ತು ಶುರು ಮಾಡಬೇಡಿ: ‘ಜಗಳ ಇತ್ತು, ನಿಜ. ಅದನ್ನ ಬೇರೆ ದಿನ ಮಾತಾಡೋಣ. ಇವತ್ತು ವೈದ್ಯರ ಭೇಟಿ ವಿಷಯ.’ ‘ಈಗ ಹಿಡಿತ ಬಂದಿದೆ, ಒಂದೇ ಒಂದು ಪೆಗ್’ ಎಂಬುದು ಎಲ್ಲಕ್ಕಿಂತ ಅಪಾಯದ ಮಾತು. ಶೇ 42ರ ಮದ್ಯ 60 ಮಿಲಿಲೀಟರಿನಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ, ಅಂದರೆ 10 ಗ್ರಾಂ ಮದ್ಯಸಾರವನ್ನು ಒಂದು ಪಾನ ಎಂದು ಎಣಿಸುವ ಅಳತೆಯಲ್ಲಿ ಅದು ಒಂದಲ್ಲ, ಎರಡು. ವರ್ಷಗಟ್ಟಲೆ ದಿನವೂ ಕುಡಿದವರಲ್ಲಿ ಕುಡಿತ ಹಿಡಿತದಲ್ಲೇ ಉಳಿಯುವುದು ಬಹಳ ಅಪರೂಪ. ಇಲ್ಲಿ ವಾದ ಬೇಡ: ‘ನನಗೆ ಅದು ಕೇಳಿದರೇ ಭಯ ಆಗುತ್ತೆ. ಇದನ್ನ ವೈದ್ಯರ ಎದುರು ಹೇಳ್ತೀರಾ?’

ಅವರು ಸುಮ್ಮನೆ ಕೂತರೆ ನೀವೂ ಸುಮ್ಮನೆ ಕೂರಿ. ಅರ್ಧ ನಿಮಿಷದ ಮೌನ ತುಂಬಿಸಲು ನಾವು ಆಡುವ ಮಾತೇ ಹೆಚ್ಚಿನ ಸಲ ಕೆಡಿಸುವುದು. ಮತ್ತೆ ಒಂದು ಪ್ರಶ್ನೆ ಮರೆಯಬೇಡಿ: ‘ನಾವು ಮಾಡೋದ್ರಲ್ಲಿ ಯಾವುದು ನಿಮಗೆ ಹಿಂಸೆ ಆಗುತ್ತೆ?’ ಬಹುಪಾಲು ಬರುವ ಉತ್ತರ ಆ ಮೂಸುವುದರ ಬಗ್ಗೆ.

ಆದರೆ ಅಪ್ಪನಿಗಿಂತ ಮೊದಲು ಅಮ್ಮನ ಜೊತೆ ಮಾತಾಗಬೇಕು, ಬೇರೆಯಾಗಿ, ಅಪ್ಪ ಮನೆಯಲ್ಲಿಲ್ಲದಾಗ. ಕೆಲಸದ ಜಾಗಕ್ಕೆ ‘ಜ್ವರ’ ಎಂದು ಫೋನ್ ಮಾಡಿದವರು, ಸಾಲ ತೀರಿಸಿದವರು, ನೆಲ ಒರೆಸಿದವರು ಅವರೇ ಇರಬೇಕು. ಅದರಿಂದ ಕುಡಿತದ ಬಿಸಿ ಅಪ್ಪನಿಗೆ ತಟ್ಟಲಿಲ್ಲ ಎಂಬುದು ನಿಜ, ಮನೆ ಬೀಳದೆ ನಿಂತದ್ದೂ ಅದರಿಂದಲೇ. ‘ನೀನೇ ಕುಡಿಯೋಕೆ ಬಿಟ್ಟೆ’ ಎಂಬ ಮಾತು ಅನ್ಯಾಯ, ಅದರಿಂದ ಪ್ರಯೋಜನವೂ ಇಲ್ಲ. ಮುಂದಿನದಕ್ಕೆ ಮೂರು ಒಪ್ಪಂದ ಮಾಡಿಕೊಳ್ಳಿ. ಅಪ್ಪನ ಪರವಾಗಿ ಇನ್ನು ಯಾರಿಗೂ ಸುಳ್ಳು ಹೇಳುವುದಿಲ್ಲ. ಕುಡಿತದಿಂದಾದ ಸಾಲ ನಾವು ತೀರಿಸುವುದಿಲ್ಲ. ಕುಡಿತದ ವಿಷಯ ಬಂದಾಗ ಇಬ್ಬರೂ ಒಂದೇ ಮಾತು ಆಡುತ್ತೇವೆ. ಅಮ್ಮನಿಗೆ ತಮ್ಮದೇ ಆದ ಜಾಗವೂ ಬೇಕು. ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ ಮುಂದಾಗಿ 1951ರಲ್ಲಿ ಅಲನಾನ್ ಕಟ್ಟಿದ್ದು ಮನೆಯವರಿಗೂ ಗುಣವಾಗಬೇಕಾದದ್ದು ಇದೆ ಎಂಬ ಅರಿವಿನಿಂದ.

ತಮ್ಮನ ವಿಷಯ ಸೂಕ್ಷ್ಮ. ಹನ್ನೆರಡರ ಹುಡುಗನಿಗೆ ಎಲ್ಲವೂ ಗೊತ್ತಿರುತ್ತದೆ, ಹೆಸರು ಮಾತ್ರ ಗೊತ್ತಿರುವುದಿಲ್ಲ. ಯಾರೂ ಹೇಳದಿದ್ದರೆ ತಾನೇ ಕಾರಣ ಎಂದು ಕಲ್ಪಿಸಿಕೊಳ್ಳುತ್ತಾನೆ. ಹೀಗೆ ಹೇಳಬಹುದು: ‘ಅಪ್ಪನಿಗೆ ಕುಡಿತದ ಕಾಯಿಲೆ ಇದೆ ಕಣೋ. ಅದು ನಿನ್ನಿಂದ ಬಂದಿದ್ದಲ್ಲ. ಅದನ್ನ ತಡೆಯೋದು ನಿನ್ನ ಕೈಲಿಲ್ಲ, ವಾಸಿ ಮಾಡೋದೂ ನಿನ್ನ ಕೆಲಸ ಅಲ್ಲ. ಈಗ ಔಷಧಿ ತಗೋತಿದ್ದಾರೆ. ನಿನಗೆ ಸಿಟ್ಟಿದ್ರೆ ತಪ್ಪಿಲ್ಲ.’ ‘ಇನ್ನು ಕುಡಿಯೋದೇ ಇಲ್ಲ’ ಎಂದು ಮಾತ್ರ ಅವನಿಗೆ ಭರವಸೆ ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ‘ಅಪ್ಪನ ಬಾಯಿ ವಾಸನೆ ಬರ್ತಿದೆಯಾ ನೋಡು’ ಎಂದು ಅವನನ್ನು ಗೂಢಚಾರ ಮಾಡಬೇಡಿ. ‘ಹೋಗಿ ಅಪ್ಪನ್ನ ಮಾತಾಡ್ಸು’ ಎಂದು ದೂಡಲೂ ಬೇಡಿ. ಅಪ್ಪ ಕುಡಿದಿದ್ದರೆ ಅವರು ಓಡಿಸುವ ಗಾಡಿ ಹತ್ತಬಾರದು, ಹೆದರಿಕೆಯಾದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳಿಕೊಡಿ, ಸಂಖ್ಯೆ ಬಾಯಿಪಾಠ ಇರಲಿ. ಅಪ್ಪ ಅವನನ್ನು ಮತ್ತೆ ಗೆಲ್ಲುವುದು ಕ್ಷಮೆ ಕೇಳುವುದರಿಂದಲ್ಲ. ನಾಲ್ಕು ಗಂಟೆಗೆ ಬರುತ್ತೇನೆ ಎಂದು ನಾಲ್ಕಕ್ಕೆ ಬರುವುದರಿಂದ, ಅದೂ ಇಪ್ಪತ್ತು ಮೂವತ್ತು ಸಲ. ಅಪ್ಪನಿಗೆ ಇದನ್ನು ಹೇಳಿ: ದೊಡ್ಡ ಮಾತು ಕೊಡಬೇಡಿ, ನಡೆಸಬಹುದಾದ ಚಿಕ್ಕದನ್ನು ಕೊಡಿ.

ಮತ್ತೆ ಕುಡಿದರೆ ಎಂಬ ಪ್ರಶ್ನೆಗೆ ಉತ್ತರವನ್ನು ಕುಡಿಯದ ದಿನದಲ್ಲಿ, ಅಪ್ಪನ ಜೊತೆ ಕೂತು ಬರೆಯಬೇಕು. ಅರ್ಧ ಪುಟ ಸಾಕು. ತಮ್ಮ ಅಪಾಯದ ಗುರುತುಗಳನ್ನು ಅವರೇ ಹೇಳಲಿ: ಸಭೆ ತಪ್ಪಿಸುವುದು, ಮಾತ್ರೆ ಬಿಡುವುದು, ಒಬ್ಬರೇ ಹೊರಟುಬಿಡುವುದು, ‘ಎಲ್ಲ ಸರಿಯಾಗಿದೆ’ ಎಂದು ಅತಿಯಾಗಿ ಹೇಳುವುದು. ಅದು ಕಂಡಾಗ ಮನೆಯವರು ಯಾವ ಮಾತಿನಲ್ಲಿ ನೆನಪಿಸಬೇಕು ಎಂಬುದನ್ನೂ ಅವರೇ ಆರಿಸಲಿ. ಕುಡಿಯಬೇಕೆನಿಸಿದಾಗ ಮೊದಲು ಯಾರಿಗೆ ಫೋನ್, ಎಡವಿದರೆ ಎಷ್ಟು ಗಂಟೆಯೊಳಗೆ ವೈದ್ಯರಿಗೆ ತಿಳಿಸುವುದು, ಎಲ್ಲ ಆ ಪುಟದಲ್ಲಿರಲಿ. ಎಡವಿದ್ದನ್ನು ತಾವಾಗಿಯೇ ಬಂದು ಹೇಳಿದರೆ ಆ ದಿನ ಬೈಗುಳ ಇಲ್ಲ ಎಂದು ನೀವು ಮಾತು ಕೊಡಿ, ಉಳಿಸಿಕೊಳ್ಳಿ. ನಿಜ ಹೇಳಿದ್ದಕ್ಕೂ ಮುಚ್ಚಿಟ್ಟದ್ದಕ್ಕೂ ಒಂದೇ ಶಿಕ್ಷೆಯಾದರೆ ಯಾರೂ ನಿಜ ಹೇಳುವುದಿಲ್ಲ.

ಆ ಪುಟದಲ್ಲಿ ನಿಮ್ಮ ಗೆರೆಗಳೂ ಇರಬೇಕು. ಗೆರೆ ಎಂದರೆ ನಾನು ಏನು ಮಾಡುತ್ತೇನೆ ಎಂಬುದು, ನೀವು ಹೀಗೆ ಮಾಡಲೇಬೇಕು ಎಂಬುದಲ್ಲ. ‘ನೀವು ಕುಡಿದು ಬಂದ ರಾತ್ರಿ ನಾನು ನಿಮ್ಮ ಜೊತೆ ಮಾತಿಗೆ ಕೂರಲ್ಲ, ತಮ್ಮನ್ನ ಕರ್ಕೊಂಡು ಬೇರೆ ಕೋಣೆಗೆ ಹೋಗ್ತೀನಿ. ಬೆಳಿಗ್ಗೆ ಮಾತಾಡ್ತೀನಿ.’ ಇದು ನಡೆಸಬಹುದಾದ ಮಾತು. ‘ಇನ್ನೊಂದು ಸಲ ಕುಡಿದ್ರೆ ಮನೆ ಬಿಟ್ಟು ಹೋಗ್ತೀವಿ’ ಎಂದು ಹತ್ತು ಸಲ ಹೇಳಿ ಹನ್ನೊಂದನೆಯ ಸಲವೂ ಇಲ್ಲೇ ಇದ್ದರೆ ನಿಮ್ಮ ಬೇರೆ ಮಾತುಗಳ ಬೆಲೆಯೂ ಹೋಗುತ್ತದೆ.

ಕುಡಿದ ರಾತ್ರಿ ಮಾತು ಬೇಡ. ‘ಮಲಗಿ, ಬೆಳಿಗ್ಗೆ ಮಾತಾಡೋಣ’ ಸಾಕು. ಆದರೆ ಕಣ್ಣಿಡಿ. ಹತ್ತು ವಾರ ಬಿಟ್ಟಿದ್ದರಿಂದ ಮದ್ಯವನ್ನು ತಡೆದುಕೊಳ್ಳುವ ದೇಹದ ಶಕ್ತಿ ಇಳಿದಿರುತ್ತದೆ, ಹಳೆಯ ಅಳತೆಯೇ ಈಗ ಅತಿಯಾಗಬಹುದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ ಆಂಬ್ಯುಲೆನ್ಸ್ ಕರೆಯಿರಿ. ಬರುವವರೆಗೆ ಅಂಗಾತ ಬಿಡದೆ ಮಗ್ಗುಲಿಗೆ ಮಲಗಿಸಿ, ವಾಂತಿ ಉಸಿರುನಾಳಕ್ಕೆ ಹೋಗದಿರಲಿ. ಹೊಡೆತ, ಬೆದರಿಕೆ ಇದ್ದರೆ ಇಲ್ಲಿ ಬರೆದ ಮಾತಿನ ಕಲೆ ಯಾವುದೂ ಅನ್ವಯಿಸುವುದಿಲ್ಲ. ಮೂವರೂ ಮೊದಲು ಹೊರಬೀಳಿ.

ಮರುದಿನ ಬೆಳಿಗ್ಗೆ: ‘ನಿನ್ನೆ ಕುಡಿದಿದ್ರಿ. ನನಗೆ ಬೇಜಾರಾಗಿದೆ. ನಾವು ಬರೆದಿಟ್ಟಿದ್ದೀವಲ್ಲ, ಅದರ ಪ್ರಕಾರ ವೈದ್ಯರಿಗೆ ನೀವು ಫೋನ್ ಮಾಡ್ತೀರಾ, ನಾನು ಮಾಡ್ಲಾ?’ ಒಂದು ರಾತ್ರಿ ಎಡವಿದ್ದಕ್ಕೂ ಹಳೆಯ ಕುಡಿತಕ್ಕೆ ಮರಳಿದ್ದಕ್ಕೂ ವ್ಯತ್ಯಾಸವಿದೆ. ‘ಎಲ್ಲ ಮುಗೀತು, ಆರು ವಾರ ನೀರಲ್ಲಿ ಹೋಮ ಆಯ್ತು’ ಎಂದು ಮನೆಯವರು ಅಂದರೆ ಅವರೂ ಹಾಗೇ ಅಂದುಕೊಂಡು ಎರಡನೆಯ ದಿನವೂ ಕುಡಿಯುತ್ತಾರೆ.

ದಿನಗಟ್ಟಲೆ ಕುಡಿದಿದ್ದರೆ ಮಾತ್ರ, ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ನಿಲ್ಲಿಸುವ ಸಾಹಸ ಬೇಡ. ಕೊನೆಯ ಗುಟುಕಿನ 6ರಿಂದ 24 ಗಂಟೆಯೊಳಗೆ ನಡುಕ, ಬೆವರು ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. 48ರಿಂದ 96 ಗಂಟೆಯ ನಡುವೆ ಇಲ್ಲದ್ದು ಕಾಣುವುದು, ಜಾಗ ಹೊತ್ತು ತಿಳಿಯದಿರುವುದು, ಜ್ವರ, ವಿಪರೀತ ಎದೆಬಡಿತ ಕಂಡರೆ ಅದು ಡೆಲಿರಿಯಮ್ ಟ್ರೆಮೆನ್ಸ್, ಚಿಕಿತ್ಸೆಯಿಲ್ಲದೆ ಸಾವೂ ಆಗಬಹುದು. ಹಿಂದೆ ಹಲವು ಸಲ ಹೀಗೆ ಬಿಟ್ಟು ಹಿಡಿದವರಲ್ಲಿ ಪ್ರತಿಸಲವೂ ಇದು ಉಲ್ಬಣಿಸುವುದುಂಟು. ಆಸ್ಪತ್ರೆಯ ಉಸ್ತುವಾರಿ ಬೇಕು, ಬಿ1 ಜೀವಸತ್ವದ ಚುಚ್ಚುಮದ್ದನ್ನೂ ಅಲ್ಲಿ ಕೊಡುತ್ತಾರೆ. ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಅಪ್ಪನ ಬಾಯಲ್ಲಿ ಯಾವಾಗ ಬಂದರೂ ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನಿಸ್ತಿದೆಯಾ ಅಪ್ಪ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮುಂದೊಂದು ದಿನ ಅವರು ಕುಡಿತಕ್ಕೆ ಮರಳಿ ಚಿಕಿತ್ಸೆಯನ್ನೂ ಬೇಡವೆಂದರೆ ದೊಡ್ಡಪ್ಪ ನೆಂಟರನ್ನೆಲ್ಲ ಸೇರಿಸಿ ಪಂಚಾಯಿತಿ ಮಾಡೋಣ ಅನ್ನಬಹುದು. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಚಿಕಿತ್ಸೆ ನಿರಾಕರಿಸುತ್ತಿದ್ದ ಕುಡುಕರ ಮನೆಯ 130 ಮಂದಿಗೆ ಮೂರು ಬೇರೆ ಬೇರೆ ದಾರಿ ಕಲಿಸಿ ನೋಡಿದರು. ಎಲ್ಲರೂ ಸೇರಿ ಎದುರು ನಿಲ್ಲುವ ದಾರಿಯಲ್ಲಿ ಶೇ 30ರಷ್ಟು ಕುಡುಕರು ಚಿಕಿತ್ಸೆಗೆ ಬಂದರು, ಅಲನಾನ್ ದಾರಿಯಲ್ಲಿ ಶೇ 13. ಕುಡಿಯದ ಹೊತ್ತನ್ನು ಹಿತವಾಗಿಸಿ, ಕುಡಿದಾಗ ಸುಮ್ಮನೆ ಹಿಂದೆ ಸರಿದು, ಹದ ನೋಡಿ ಚಿಕಿತ್ಸೆಯ ಮಾತೆತ್ತಲು ಕಲಿಸುವ ‘ಕ್ರಾಫ್ಟ್’ ಪದ್ಧತಿಯಲ್ಲಿ ಶೇ 64. ಅಲನಾನ್‌ಗೆ ಇದರಿಂದ ಅನ್ಯಾಯವಾಗಬಾರದು, ಅದರ ಗುರಿ ಕುಡಿಯುವವರನ್ನು ಕರೆತರುವುದಲ್ಲ, ಮನೆಯವರ ನೆಮ್ಮದಿ. ಆ ನೆಮ್ಮದಿ ಮೂರೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಹೆಚ್ಚಿತ್ತು. ಕ್ರಾಫ್ಟ್ ತರಬೇತಿ ಪಡೆದ ಸಮಾಲೋಚಕರು ಸಿಕ್ಕರೆ ನೀವೂ ಅಮ್ಮನೂ ಈಗಲೇ ಹೋಗಬಹುದು, ಅದಕ್ಕೆ ಅಪ್ಪ ಬರಬೇಕಾಗಿಲ್ಲ.

ಈ ವಾರಕ್ಕೆ ಎರಡೇ ಕೆಲಸ. ಅಮ್ಮನ ಜೊತೆ ಆ ಮೂರು ಒಪ್ಪಂದ. ಅದಾದ ಮೇಲೆ ಒಂದು ಬೆಳಿಗ್ಗೆ ಅಪ್ಪನಿಗೆ: ‘ಅಪ್ಪ, ನೀವು ಬಂದು ಒಂದು ತಿಂಗಳಾಯ್ತು. ನಾವ್ಯಾರೂ ಇದರ ಬಗ್ಗೆ ಮಾತೇ ಆಡಿಲ್ಲ, ನನಗೆ ಹೇಗೆ ಶುರು ಮಾಡಬೇಕು ಅಂತ ಗೊತ್ತಾಗಲಿಲ್ಲ. ಮುಂದಿನ ಸಲ ವೈದ್ಯರ ಹತ್ರ ಹೋಗುವಾಗ ನಾನೂ ಬರಲಾ?’ ಬೇಡ ಅಂದರೆ ‘ಸರಿ’ ಎಂದು ಅಲ್ಲಿಗೇ ಬಿಡಿ, ಮುಖ ಊದಿಸಿಕೊಳ್ಳಬೇಡಿ. ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಕೇಳಿ.